ವರ್ಣವೇ ಮೂರ್ತಿಯಾದಾಗ: ಅನೀಷ್ ಕಪೂರರ ಕಲೆ

ಚಿತ್ರವು ಸಮತಲದಲ್ಲಿ ಉಬ್ಬುತಗ್ಗುಗಳ ಭ್ರಮೆಯನ್ನು ಹುಟ್ಟಿಸುವುದು. ಶಿಲ್ಪವು ಉಬ್ಬುತಗ್ಗುಗಳನ್ನೇ ಮುಂದಿಡುವುದು. ಬಣ್ಣವು ಮೊದಲನೆಯದಕ್ಕೆ ಪ್ರಾಣ, ಎರಡನೆಯದಕ್ಕೆ ಉಡುಗೆ ಮಾತ್ರವೆಂಬುದು ಬಹುಕಾಲದ ರೂಢಿ. ಈ ರೂಢಿಯನ್ನು ಮೀರಿ ಎರಡು ಕಲೆಗಳ ಗಡಿಯಲ್ಲಿ ನಿಂತು ದುಡಿದವರಲ್ಲಿ ಅನೀಷ್ ಕಪೂರರು ಪ್ರಮುಖರು. 1954ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಕಲಾಭ್ಯಾಸಮಾಡಿ ಪ್ರಸಿದ್ಧರಾದ ಇವರ ಬಹುಪಾಲು ಕೃತಿಗಳಲ್ಲಿ ದೇವರಾಗಲಿ ಮನುಷ್ಯರಾಗಲಿ ಕಾಣಿಸರು. ಕಾಣುವುದು ಆಕಾರ, ಬಣ್ಣ ಇವೆರಡೇ. ಇವುಗಳಲ್ಲಿ ಯಾವುದು ಯಾವುದಕ್ಕೆ ಆಧಾರವೆಂಬುದೇ ಇವರ ಕಲೆಯ ಮುಖ್ಯ ಪ್ರಶ್ನೆ.

1979ರಲ್ಲಿ ಭಾರತವನ್ನು ಸಂದರ್ಶಿಸಿ ಹಿಂದಿರುಗಿದ ಮೇಲೆ ಕಪೂರರು ರಚಿಸಿದ ‘ಸಾವಿರ ಹೆಸರುಗಳು’ ಎಂಬ ಕೃತಿಮಾಲೆಯು ಈ ಪ್ರಶ್ನೆಗೆ ಮೊದಲ ಉತ್ತರ. ಅದರ ಹೆಸರೇ ನಮ್ಮ ವಾಚಕರಿಗೆ ಸಹಸ್ರನಾಮವನ್ನು ನೆನಪಿಗೆ ತರುವುದು. ನೆಲದ ಮೇಲೆ ಸಣ್ಣ ಸಣ್ಣ ಆಕೃತಿಗಳು. ಅವುಗಳ ಮೇಲೆಲ್ಲ ಕೆಂಪು, ಹಳದಿ ಮೊದಲಾದ ಬಣ್ಣದ ಹುಡಿ. ಆ ಹುಡಿಯು ಬುಡದ ಸುತ್ತ ನೆಲಕ್ಕೂ ಹರಡಿದೆ. ಆದುದರಿಂದ ಒಳಗೇನಿದೆಯೆಂಬುದು ತಿಳಿಯದೆ, ಜಾತ್ರೆಯ ಅಂಗಡಿಯ ಕುಂಕುಮದ ರಾಶಿಯಂತೆ, ಬಣ್ಣವೇ ಕೂಡಿಕೊಂಡು ಮೂರ್ತಿಯಾಯಿತೆಂದು ತೋರುವುದು. ಇಲ್ಲಿ ಮರೆಯುಂಟು, ಮೋಸವಿಲ್ಲ. ಹುಡಿಯು ತಾನು ಹುಡಿಯೆಂಬುದನ್ನು ಅಡಗಿಸುವುದಿಲ್ಲ.

2007ರ ‘ಸ್ವಯಂಭು’ವಿನಲ್ಲಿ ಇದೇ ಗುಣವು ಬೃಹದ್ರೂಪವನ್ನು ತಾಳಿದೆ. ಕೆಂಪು ಮೇಣದ ಭಾರಿ ಗಟ್ಟಿಯೊಂದು ಹಳಿಗಳ ಮೇಲೆ ಅತಿ ನಿಧಾನವಾಗಿ ಸಾಗುತ್ತ, ಕಟ್ಟಡದ ಬಾಗಿಲುಗಳಲ್ಲಿ ತೂರಿ, ಅವುಗಳ ಅಂಚಿಗೆಲ್ಲ ಮೇಣವನ್ನು ಮೆತ್ತುವುದು. 2009ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿಯೂ ಇದು ಪ್ರದರ್ಶಿತವಾಯಿತು. ಸಾಗುವ ಗಟ್ಟಿಯು ಶಿಲ್ಪವಾದರೆ, ಗೋಡೆಗೆ ಅಂಟಿದ ಮೇಣವು ಚಿತ್ರ. ತಾನಾಗಿ ಹುಟ್ಟಿದ್ದೆಂಬ ಹೆಸರಿದ್ದರೂ ಹಳಿಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ನಾಟಕವೆಂದು ಬಲ್ಲವನೇ ನಾಟಕಕ್ಕೆ ಮನಸೋಲುವಂತೆ, ಪ್ರೇಕ್ಷಕನು ಅರಿತೇ ಅದಕ್ಕೆ ವಶನಾಗುವನು.

ಕಪ್ಪು ಬಣ್ಣದ ಕೃತಿಗಳ ಮಾತು ಬೇರೆ. 1992ರ ಕೃತಿಯೊಂದರಲ್ಲಿ ಕೋಣೆಯ ನೆಲದಲ್ಲಿ ಕಪ್ಪು ವೃತ್ತವೊಂದಿದೆ. ಅದು ಬಳಿದ ಬಣ್ಣವೋ ತೋಡಿದ ಗುಂಡಿಯೋ ತಿಳಿಯದು. 2018ರಲ್ಲಿ ಪೋರ್ಚುಗಲ್ಲಿನ ಪೋರ್ತೊ ನಗರದ ಸೆರಾಲ್ವೆಸ್ ವಸ್ತುಸಂಗ್ರಹಾಲಯದಲ್ಲಿ ಪ್ರೇಕ್ಷಕನೊಬ್ಬನು ಸುಮಾರು 2.5 ಮೀಟರ್ ಆಳದ ಆ ಗುಂಡಿಗೆ ಬಿದ್ದನು. ಮಯಸಭೆಯಲ್ಲಿ ನೆಲವೆಂದು ನಂಬಿ ನೀರಿಗೆ ಬಿದ್ದ ಕೌರವನ ನೆನಪು ಯಾರಿಗೆ ಬಾರದು? ಮುಂದೆ, ಬೆಳಕನ್ನು ನೂರಕ್ಕೆ 99.9ಕ್ಕಿಂತ ಹೆಚ್ಚಾಗಿ ಹೀರಿಕೊಳ್ಳುವ ‘ವ್ಯಾಂಟಾಬ್ಲ್ಯಾಕ್’ ಎಂಬ ಲೇಪವನ್ನು ಇಂಗ್ಲೆಂಡಿನ ಸಂಸ್ಥೆಯೊಂದು 2014ರಲ್ಲಿ ಪ್ರಕಟಿಸಿತು. 2016ರಲ್ಲಿ ಕಲೆಯಲ್ಲಿ ಅದನ್ನು ಬಳಸುವ ಹಕ್ಕು ಕಪೂರರೊಬ್ಬರಿಗೇ ದೊರೆಯಿತು. 2022ರಲ್ಲಿ ವೆನಿಸ್ಸಿನಲ್ಲಿ ಪ್ರದರ್ಶಿತವಾದ ಆ ಕೃತಿಗಳನ್ನು ಎದುರಿನಿಂದ ನೋಡಿದರೆ ಉಬ್ಬಿದ ಆಕೃತಿಯು ಚಪ್ಪಟೆಯಾಗಿ ಕಾಣುವುದು; ಪಕ್ಕಕ್ಕೆ ಸರಿದರೆ ಉಬ್ಬು ತೋರುವುದು. ಮೊದಲು ಆಕಾರವನ್ನು ಹಡೆದ ಬಣ್ಣವೇ ಇಲ್ಲಿ ಆಕಾರವನ್ನು ನುಂಗಿತು.

ಅದ್ಭುತವೂ ಒಂದು ರಸವೇ ಅಲ್ಲವೆ ಎಂದು ಕೇಳಬಹುದು. ಅಹುದು, ಆದರೆ ಗುಟ್ಟು ತಿಳಿದೊಡನೆ ಮುಗಿಯುವ ಬೆರಗು ಕೌತುಕವೇ ಹೊರತು ರಸವಲ್ಲ. ‘ಸ್ವಯಂಭು’ವಿನ ಗುಟ್ಟು ಮೊದಲೇ ಬಯಲಾಗಿದ್ದರೂ ಅದರ ಸೊಗಸು ಕುಂದದು; ಲೇಪದ ಕೃತಿಗಾದರೋ ಪಕ್ಕಕ್ಕೆ ಇಟ್ಟ ಒಂದು ಹೆಜ್ಜೆಯೇ ಸಮಾಪ್ತಿ. ಒಬ್ಬರಿಗೇ ಮೀಸಲಾದುದು ಲೇಪವೇ ಹೊರತು ಕಪ್ಪು ಬಣ್ಣವಲ್ಲವೆಂಬುದು ನಿಜ. ಆದರೂ ಕೃತಿಯ ಶಕ್ತಿಯು ಇತರರಿಗೆ ದೊರೆಯದ ವಸ್ತುವನ್ನೇ ನೆಚ್ಚಿದಾಗ, ಅದರಲ್ಲಿ ಕಲಾವಿದನ ಪಾಲೆಷ್ಟು, ರಸಾಯನಶಾಲೆಯ ಪಾಲೆಷ್ಟು ಎಂಬ ಸಂದೇಹವು ಏಳದಿರದು. ಯಾರ ಕೈಗಾದರೂ ಸಿಕ್ಕುವ ಹುಡಿಯಲ್ಲಿ ಕಪೂರರು ಸಾಧಿಸಿದ್ದು ದೊಡ್ಡದು. ಅವರ ಕೀರ್ತಿಯು ನಿಲ್ಲುವುದಾದರೆ ಆ ಹುಡಿಯ ಮೇಲೆಯೇ ನಿಲ್ಲಬೇಕು.