ಹನ್ನೆರಡು ಬಿಟ್‌ಗಳ ಭ್ರಮೆ

ಫ್ಲೈಟ್ ಸಿಮ್ಯುಲೇಟರ್‌ಗೆಂದು ತಾವೇ ಜಾಯ್‌ಸ್ಟಿಕ್ ಕಟ್ಟಿಕೊಳ್ಳುವವರ ಮಾತು ಶುರುವಾಗುವುದೇ ಬಿಟ್‌ಗಳಿಂದ. ಆರ್ಡುಯಿನೊ ಲಿಯೊನಾರ್ಡೊ ಬೋರ್ಡಿನ ಎಟಿಮೆಗಾ32ಯು4 ಚಿಪ್‌ದು ಹತ್ತು ಬಿಟ್, ಅಂದರೆ ವೋಲ್ಟೇಜನ್ನು ಅದು 1,024 ಮೆಟ್ಟಿಲುಗಳಲ್ಲಿ ಅಳೆಯುತ್ತದೆ. ಎಸ್‌ಟಿಎಂ32ಎಫ್103 ಚಿಪ್‌ದು ಹನ್ನೆರಡು ಬಿಟ್, 4,096 ಮೆಟ್ಟಿಲು. ಹಾಗಾಗಿ ಎರಡನೆಯದೇ ನಾಲ್ಕು ಪಟ್ಟು ವಾಸಿ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಲೆಕ್ಕ ಸರಿ, ತೀರ್ಪು ತಪ್ಪು. ಕೋಲಿನ ವಾಲುವಿಕೆಯನ್ನು ವೋಲ್ಟೇಜಾಗಿಸುವ ಸಾಮಾನ್ಯ ಪೊಟೆನ್ಶಿಯೋಮೀಟರ್ ಸುಮಾರು 270 ಡಿಗ್ರಿ ತಿರುಗುತ್ತದೆ. ಕೋಲು ಈ ತುದಿಯಿಂದ ಆ ತುದಿಗೆ ವಾಲುವುದು 40 ಡಿಗ್ರಿ ಇದ್ದೀತು. ಎರಡನ್ನೂ ನೇರವಾಗಿ ಜೋಡಿಸಿದರೆ 4,096ರಲ್ಲಿ ಕೆಲಸಕ್ಕೆ ಬರುವುದು ಆರುನೂರು ಚಿಲ್ಲರೆ. ಅದೇ 40 ಡಿಗ್ರಿಯೊಳಗೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ಏರಿಳಿಸುವ ಹಾಲ್ ಸೆನ್ಸರ್ ಸಿಕ್ಕರೆ, ಕಡಿಮೆ ಎನಿಸಿಕೊಂಡ ಹತ್ತು ಬಿಟ್‌ನ ಚಿಪ್ಪೇ ಮುಂದೆ ಹೋಗುತ್ತದೆ.

ಇನ್ನು ಆ ಆರುನೂರು ಮೆಟ್ಟಿಲಾದರೂ ಕದಲದೆ ನಿಂತಿರುತ್ತವೆಯೇ? 3.3 ವೋಲ್ಟನ್ನು 4,096 ಪಾಲು ಮಾಡಿದರೆ ಒಂದು ಮೆಟ್ಟಿಲಿಗೆ 0.8 ಮಿಲಿವೋಲ್ಟ್. ಥ್ರಾಟಲ್ ಫಲಕದಲ್ಲಿ ತಲಾ 20 ಮಿಲಿಆಂಪ್ ಕುಡಿಯುವ ಐದು ಎಲ್‌ಇಡಿಗಳಿವೆ, ಅವುಗಳ ಕರೆಂಟು ಸೆನ್ಸರ್‌ನ ಗ್ರೌಂಡ್ ತಂತಿಯಲ್ಲೇ ಹಿಂದಿರುಗುತ್ತದೆ ಎಂದುಕೊಳ್ಳಿ. ಅರ್ಧ ಮೀಟರ್ ಸಣ್ಣ ತಂತಿಯ ರೋಧ ಸುಮಾರು 0.1 ಓಮ್. ದೀಪ ಹೊತ್ತಿದೊಡನೆ ಸೆನ್ಸರ್‌ನ ಗ್ರೌಂಡ್ 10 ಮಿಲಿವೋಲ್ಟ್ ಮೇಲೇಳುತ್ತದೆ. ನಟ್ಟನಡುವೆ ನಿಂತ ಪೊಟೆನ್ಶಿಯೋಮೀಟರ್ ಅದರ ಅರ್ಧದಷ್ಟು, ಅಂದರೆ ಆರು ಮೆಟ್ಟಿಲು ಜಾರುತ್ತದೆ. ಆರುನೂರರಲ್ಲಿ ಆರು, ನೂರಕ್ಕೆ ಒಂದು! ಕೋಲನ್ನು ಯಾರೂ ಮುಟ್ಟಿಲ್ಲ. ದೀಪ ಹೊತ್ತಿದ್ದಕ್ಕೆ ವಿಮಾನ ಮೂತಿ ತಿರುಗಿಸಿತು. ಬೋರ್ಡ್ ವಿನ್ಯಾಸದ ಹೆಚ್ಚುಗಾರಿಕೆ ಇರುವುದು ಗ್ರೌಂಡ್ ಯಾವ ದಾರಿಯಲ್ಲಿ ಹರಿಯಬೇಕೆಂದು ಗೊತ್ತುಮಾಡುವುದರಲ್ಲಿ. ಚಿಪ್ ಆರಿಸುವುದು ಆಮೇಲಿನ ಮಾತು.

ಸಾಫ್ಟ್‌ವೇರ್ ಫಿಲ್ಟರ್ ಇದೆಯಲ್ಲ ಎನ್ನುತ್ತಾರೆ. ಇದೆ, ತೆಗೆದುಹಾಕುವ ಮಾತಲ್ಲ. ಹದಿನಾರು ಸಲ ಅಳೆದು ಸರಾಸರಿ ತೆಗೆದರೆ ಎಲ್ಲೆಂದರಲ್ಲಿ ಎದ್ದು ಬೀಳುವ ಗದ್ದಲ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಆದರೆ ಎಲ್‌ಇಡಿ ತಂದ ಜಾರುವಿಕೆ ಗದ್ದಲವಲ್ಲ, ದೀಪ ಆರುವ ತನಕ ಅಲ್ಲೇ ಕೂತಿರುವ ತಪ್ಪು. ಅದನ್ನು ಸಾವಿರ ಸಲ ಅಳೆದರೂ ಸರಾಸರಿ ಅಷ್ಟೇ ಬರುತ್ತದೆ. ನಡುವಿನ ಸಣ್ಣ ಚಲನೆಯನ್ನು ಲೆಕ್ಕಕ್ಕೆ ಹಿಡಿಯದ ಡೆಡ್‌ಝೋನ್ ಹಾಕಿ ಮುಚ್ಚಬಹುದು, ನಿಜ. ಆದರೆ ಹೆಲಿಕಾಪ್ಟರನ್ನು ಒಂದೇ ಕಡೆ ತೇಲಿಸಿ ನಿಲ್ಲಿಸಲು ಬೇಕಾಗುವುದು ಕೋಲಿನ ನಡುವಿನ ಆ ಕೂದಲೆಳೆಯ ಚಲನೆಯೇ, ಮತ್ತು ಡೆಡ್‌ಝೋನ್ ನುಂಗುವುದೂ ಅದನ್ನೇ. ಹಳೆಯ ಗೇಮ್‌ಪೋರ್ಟ್ ಜಾಯ್‌ಸ್ಟಿಕ್‌ಗೆ ಯುಎಸ್‌ಬಿ ಜೀವ ಕೊಡುವವರಿಗೆ ಕಾಡುವ ಪೀಡೆಯೂ ಇದೇ ಜಾತಿಯದು. ಅವುಗಳಲ್ಲಿರುವುದು 100 ಕಿಲೋಓಮ್ ಪೊಟೆನ್ಶಿಯೋಮೀಟರ್. ಎಟಿಮೆಗಾ ಚಿಪ್ ಬಯಸುವುದು 10 ಕಿಲೋಓಮ್ ಅಥವಾ ಅದಕ್ಕಿಂತ ಕಡಿಮೆ ರೋಧದ ಮೂಲ. ರೋಧ ಹೆಚ್ಚಾದರೆ ಚಿಪ್ಪಿನೊಳಗಿನ ಪುಟ್ಟ ಕೆಪಾಸಿಟರ್ ತುಂಬುವ ಮೊದಲೇ ಅಳತೆ ಮುಗಿದು, ಹಿಂದಿನ ಅಕ್ಷದ ಎಂಜಲು ಮುಂದಿನದಕ್ಕೆ ಅಂಟುತ್ತದೆ: ಥ್ರಾಟಲ್ ತಳ್ಳಿದರೆ ರಡ್ಡರ್ ಮಿಸುಕುತ್ತದೆ. ಪಿನ್ನಿನ ಬುಡದಲ್ಲೇ 100 ನ್ಯಾನೋಫ್ಯಾರಡ್‌ನ ಒಂದು ಕೆಪಾಸಿಟರ್ ಬೆಸೆದರೆ ಸಾಕು. ಅದು ತರುವ ವಿಳಂಬ ಎರಡು ಮೂರು ಮಿಲಿಸೆಕೆಂಡು, ಕೈಗೆ ಗೊತ್ತಾಗುವಂಥದ್ದಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿದ್ಧ ಬೋರ್ಡೇ ಸಿಗುವಾಗ ಸ್ವಂತದ್ದು ಯಾಕೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಬರೀ ಬಟನ್ ಪೆಟ್ಟಿಗೆಯಾದರೆ ನನ್ನ ಮತವೂ ಅದೇ. ಬಟನ್ ಒತ್ತಿದೆಯೋ ಇಲ್ಲವೋ, ಅಷ್ಟೇ ಪ್ರಶ್ನೆ. ಹತ್ತು ಮಿಲಿವೋಲ್ಟ್ ಅದರ ಗೋಜಿಗೆ ಬರುವುದಿಲ್ಲ. 74ಎಚ್‌ಸಿ165 ಚಿಪ್‌ಗಳ ಸರಪಳಿ ಕಟ್ಟಿದರೆ ಐದೇ ತಂತಿಯಲ್ಲಿ ಹತ್ತಾರು ಬಟನ್ ಓದಬಹುದು. ಕಂಪ್ಯೂಟರ್ ಕಡೆಯ ಕೆಲಸವಂತೂ ಇನ್ನೂ ಸುಲಭ, ಯುಎಸ್‌ಬಿಯ ಎಚ್‌ಐಡಿ ನಿಯಮದ ಜಾಯ್‌ಸ್ಟಿಕ್‌ಗೆ ಬೇರೆ ಡ್ರೈವರ್ ಬೇಕಿಲ್ಲ. ಅಕ್ಷಗಳಿದ್ದಾಗ ಮಾತ್ರ ಸ್ವಂತ ಬೋರ್ಡಿಗೆ ಅರ್ಥ ಬರುತ್ತದೆ: ದೀಪಗಳ ಗ್ರೌಂಡ್ ಒಂದು ದಾರಿ, ಸೆನ್ಸರ್‌ಗಳದು ಇನ್ನೊಂದು, ಎರಡೂ ಕೂಡುವುದು ಯುಎಸ್‌ಬಿ ಕನೆಕ್ಟರ್‌ನ ಬಳಿ ಮಾತ್ರ. ಆದರೂ ಬೋರ್ಡ್ ಮಾಡಿಸಲು ದುಡ್ಡು ಕಟ್ಟುವ ಮೊದಲು, ಇರುವುದನ್ನೇ ಮೇಜಿನ ಮೇಲಿಟ್ಟು ದೀಪಗಳನ್ನು ಒಮ್ಮೆ ಹೊತ್ತಿಸಿ, ಒಮ್ಮೆ ಆರಿಸಿ, ತೆರೆಯ ಮೇಲಿನ ಅಂಕೆ ನೋಡಿ. ಕದಲಿದರೆ, ಸೆನ್ಸರ್‌ನಿಂದ ಗ್ರೌಂಡಿಗೆ ಒಂದು ಬೇರೆ ಕಪ್ಪು ತಂತಿ ಎಳೆದು ಮತ್ತೆ ನೋಡಿ.