ಒಂದೇ ಪರದೆ, ನಾಲ್ಕು ಬಾಣ

ಲಿನಕ್ಸ್ ಡೆಸ್ಕ್‌ಟಾಪನ್ನು ಆಸ್ಥೆಯಿಂದ ಸಿಂಗರಿಸುವವರು ವಾಲ್‌ಪೇಪರ್, ಐಕಾನ್, ಫಾಂಟ್ ಎಲ್ಲವನ್ನೂ ಗೆದ್ದು ಕೊನೆಗೆ ಸೋಲುವುದು ಮೌಸ್ ಕರ್ಸರಿನ ಮುಂದೆ. ಗ್ನೋಮ್ ಡೆಸ್ಕ್‌ಟಾಪಿನ ಟ್ವೀಕ್ಸ್‌ಗೆ ಹೋಗಿ ಒಂದು ಚೆಂದದ ಬಿಳಿ ಬಾಣ ಆರಿಸಿರುತ್ತೀರಿ. ಫೈಲ್ ಮ್ಯಾನೇಜರ್ ಮೇಲೆ ಅದು ಸರಿಯಾಗಿಯೇ ಓಡಾಡುತ್ತದೆ. ಪಕ್ಕದ ಪ್ರೋಗ್ರಾಮಿನ ಮೇಲೆ ಸರಿಸಿದರೆ ಕರಿ ಬಾಣ. ಇನ್ನೊಂದರ ಮೇಲೆ ಅದೇ ಬಾಣ ಅರ್ಧಕ್ಕೆ ಕುಗ್ಗಿರುತ್ತದೆ. ಓಪನ್‌ಬಾಕ್ಸ್‌ನಂಥ ಹಗುರ ವಿಂಡೋ ಮ್ಯಾನೇಜರ್ ಇಟ್ಟುಕೊಂಡವರಿಗಂತೂ ಖಾಲಿ ಜಾಗಕ್ಕೆ ಬಂದ ಕೂಡಲೇ ಬಾಣವೇ ಮಾಯವಾಗಿ ಒಂದು ಕಪ್ಪು ಇಂಟು ಮಾರ್ಕು ಎದುರಾಗುವುದುಂಟು.

ಇದು ಯಾವುದೋ ಒಂದು ಪ್ರೋಗ್ರಾಮಿನ ತಪ್ಪಲ್ಲ. ಲಿನಕ್ಸ್‌ನಲ್ಲಿ ಕರ್ಸರಿಗೆ ಯಜಮಾನನೇ ಇಲ್ಲ. ಬಾಣ ಯಾವ ವಿಂಡೋ ಮೇಲಿದೆಯೋ ಆ ವಿಂಡೋದ ಪ್ರೋಗ್ರಾಂ ತನಗೆ ಬೇಕಾದ ಚಿತ್ರವನ್ನು ತಾನೇ ಡಿಸ್ಕಿನಿಂದ ಹುಡುಕಿ ತಂದು ಕೊಡುತ್ತದೆ. ಯಾವ ಥೀಮಿನಿಂದ ತರಬೇಕು ಎಂದು ಗ್ನೋಮ್ ಕಡೆಯವು ಗ್ನೋಮ್ ಸೆಟ್ಟಿಂಗ್ಸನ್ನು ಕೇಳುತ್ತವೆ. ಇನ್ನೊಂದು ಡೆಸ್ಕ್‌ಟಾಪ್ ಕೆಡಿಇ ಅದನ್ನು ತನ್ನದೇ ಫೈಲಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಇವೆರಡೂ ಅಲ್ಲದ ಹಳಬರು ಎಕ್ಸ್‌ಕರ್ಸರ್ ಲೈಬ್ರರಿಯ ಮೊರೆ ಹೋಗುತ್ತಾರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಸಂಸಾರ.

ಸ್ವಲ್ಪ ಹಿಂದಕ್ಕೆ ಹೋದರೆ ಕಥೆ ಇನ್ನೂ ರುಚಿ. 1987ರಲ್ಲಿ, ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್11 ವ್ಯವಸ್ಥೆ ಬಂದಾಗ ಕರ್ಸರ್‌ಗಳೆಲ್ಲ ಒಂದು ಫಾಂಟಿನ ಅಕ್ಷರಗಳಾಗಿದ್ದವು. ಒಟ್ಟು 77 ಆಕಾರ, ಒಂದೊಂದಕ್ಕೆ ಎರಡೇ ಬಣ್ಣ. ಬಾಣ, ಕೈ, ಗಡಿಯಾರಗಳ ಜೊತೆಗೆ ಜೇಡ, ದೋಣಿ, ಕಾಫಿ ಮಗ್, ಕಡಲ್ಗಳ್ಳರ ಬುರುಡೆ, ಸಾಲದ್ದಕ್ಕೆ ಸ್ಟಾರ್ ಟ್ರೆಕ್ ನೌಕೆ! ಯಾವ ಘನಕಾರ್ಯಕ್ಕೆಂದು ಇವನ್ನು ಸೇರಿಸಿದರೋ, ಎಕ್ಸ್ ಓಡುವ ಯಂತ್ರಗಳಲ್ಲಿ ಇವತ್ತಿಗೂ ಇವೆ. ನಾನು ಹೇಳಿದ ಇಂಟು ಮಾರ್ಕು ಕೂಡ ಇದೇ ವಂಶದ್ದು. ಖಾಲಿ ಪರದೆಗೆ ಯಾರೂ ಕರ್ಸರ್ ಗೊತ್ತುಮಾಡದಿದ್ದರೆ ಎಕ್ಸ್ ಅದನ್ನೇ ತೋರಿಸುತ್ತದೆ. ಲಾಗಿನ್ ಆದಾಗ ತಾನಾಗಿ ಓಡುವ ಆದೇಶಗಳಲ್ಲಿ ಎಕ್ಸ್‌ಸೆಟ್‌ರೂಟ್ ಮೂಲಕ ಎಡಬಾಣವನ್ನು ಗೊತ್ತುಮಾಡಿದರೆ ಆ ಕಾಟ ಮುಗಿಯಿತು.

ಪೂರ್ಣ ಬಣ್ಣದ, ಅಂಚು ನಯವಾದ ಕರ್ಸರ್ ಬಂದದ್ದು 2003ರಲ್ಲಿ, ಎಕ್ಸ್‌ನ ಒಂದು ರೂಪವಾದ ಎಕ್ಸ್‌ಫ್ರೀ86ರ 4.3ನೇ ಆವೃತ್ತಿಯೊಂದಿಗೆ. ಕೀತ್ ಪ್ಯಾಕರ್ಡ್ ಬರೆದ ಎಕ್ಸ್‌ಕರ್ಸರ್ ಲೈಬ್ರರಿ ಆಗ ಹಾಕಿಕೊಟ್ಟ ದಾರಿಯಲ್ಲೇ ನಾವಿನ್ನೂ ನಡೆಯುತ್ತಿದ್ದೇವೆ. ಆ ದಾರಿ ಹೀಗಿದೆ. ಮೊದಲು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಥೀಮಿನ ಹೆಸರಿದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಎಕ್ಸ್ ರಿಸೋರ್ಸಸ್‌ನಲ್ಲಿ. ಅಲ್ಲೂ ಇಲ್ಲದಿದ್ದರೆ ‘ಡೀಫಾಲ್ಟ್’ ಎಂಬ ಹೆಸರಿನ ಫೋಲ್ಡರ್. ಬೇಕಾದ ಆಕಾರ ಆ ಥೀಮಿನಲ್ಲಿ ಸಿಗದಿದ್ದರೆ ಅದು ‘ಇನ್‌ಹೆರಿಟ್ಸ್’ ಎಂದು ಸೂಚಿಸುವ ಇನ್ನೊಂದು ಥೀಮಿಗೆ ಹೋಗುತ್ತದೆ. ಎಲ್ಲಿಯೂ ಸಿಗದಿದ್ದಾಗ ಗತಿ, 1987ರ ಆ ಎರಡು ಬಣ್ಣದ ಫಾಂಟು.

ಅರೆಬೆಂದ ಥೀಮುಗಳ ಬಣ್ಣ ಬಯಲಾಗುವುದು ಇಲ್ಲೇ. ಲಿಂಕಿನ ಮೇಲೆ ಮೂಡುವ ಕೈ ಹಳೆಯ ಎಕ್ಸ್ ಲೆಕ್ಕದಲ್ಲಿ ‘ಹ್ಯಾಂಡ್2’, ವೆಬ್ ಲೆಕ್ಕದಲ್ಲಿ ‘ಪಾಯಿಂಟರ್’. ಬರಹದ ಮೇಲಿನ ಗೆರೆ ಒಂದು ಕಡೆ ‘ಎಕ್ಸ್‌ಟರ್ಮ್’, ಇನ್ನೊಂದು ಕಡೆ ‘ಟೆಕ್ಸ್ಟ್’. ಇನ್ನು ಕೆಲವು ಪ್ರೋಗ್ರಾಂಗಳು ತಮ್ಮದೇ ಚಿತ್ರ ಹೊತ್ತು ಬರುತ್ತವೆ; ಲೈಬ್ರರಿ ಅಂಥ ಚಿತ್ರವನ್ನು ಲೆಕ್ಕ ಹಾಕಿ 32 ಅಕ್ಷರಗಳ ಒಂದು ಗೂಢ ಹೆಸರು ಕಟ್ಟುತ್ತದೆ, ಆ ಹೆಸರಿನ ಫೈಲು ಥೀಮಿನಲ್ಲಿದ್ದರೆ ಅದನ್ನೇ ಬದಲಿಗೆ ತೋರಿಸುತ್ತದೆ. ಹಾಗಾಗಿ ಥೀಮ್ ಇಳಿಸಿಕೊಂಡ ಮೇಲೆ ನಾನು ಮೊದಲು ನೋಡುವುದು ಬಾಣದ ಬೆಡಗನ್ನಲ್ಲ, ಅದರ ‘ಕರ್ಸರ್ಸ್’ ಫೋಲ್ಡರನ್ನು. ಒಳಗೆ ಒಂದೇ ಚಿತ್ರಕ್ಕೆ ಹಲವು ಹೆಸರು ಕೊಡುವ ಲಿಂಕುಗಳ ಜಾತ್ರೆಯೇ ನೆರೆದಿದ್ದರೆ ಮಾಡಿದವರು ಬೆವರು ಸುರಿಸಿದ್ದಾರೆಂದು ಅರ್ಥ. ಇಪ್ಪತ್ತು ಮೂವತ್ತು ಫೈಲುಗಳಷ್ಟೇ ಇದ್ದರೆ ಬಾಣ ಎಷ್ಟೇ ಸುಂದರವಾಗಿರಲಿ, ನನಗೆ ಬೇಡ.

ಅಳತೆಯ ಗೊಂದಲ ಬೇರೆಯೇ. ಗ್ನೋಮ್‌ನಲ್ಲಿ ಕರ್ಸರಿನ ಅಳತೆ, ನೀವು ಬದಲಿಸದಿದ್ದರೆ, 24. ಆದರೆ ಎಕ್ಸ್‌ಕರ್ಸರಿಗೆ ಯಾರೂ ಏನೂ ಹೇಳದಿದ್ದರೆ, ಡಿಪಿಐ ಕೂಡ ಗೊತ್ತಾಗದಿದ್ದರೆ, ಪರದೆಯ ಗಿಡ್ಡ ಬದಿಯನ್ನು 48ರಿಂದ ಭಾಗಿಸುತ್ತದೆ. 1080 ಪಿಕ್ಸೆಲ್ ಎತ್ತರದ ಪರದೆಯಲ್ಲಿ 22 ಬರುತ್ತದೆ, ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. 4ಕೆ ಪರದೆಯಲ್ಲಿ 45! ಹೊಸ ಮಾನಿಟರ್ ತಂದ ದಿನವೇ ಕರ್ಸರ್ ಹುಚ್ಚಾಟ ಶುರುವಾಯಿತು ಎನ್ನುವವರು ಮಾನಿಟರನ್ನು ಬೈಯುವುದು ಬೇಡ.

ಪರಿಹಾರ? ಸೆಟ್ಟಿಂಗ್ಸ್ ಕಿಟಕಿಗಳಲ್ಲಿ ಅಲೆಯುವುದನ್ನು ಬಿಟ್ಟು ಬೇರಿಗೇ ನೀರು ಹಾಕಬೇಕು. ಥೀಮನ್ನು ಮನೆ ಫೋಲ್ಡರಿನಲ್ಲಿ ಬಚ್ಚಿಡದೆ, ಇಡೀ ಯಂತ್ರಕ್ಕೆ ಕಾಣುವಂತೆ ಯುಎಸ್ಆರ್ ಒಳಗಿನ ಶೇರ್‌ನಲ್ಲಿರುವ ಐಕಾನ್ಸ್ ಫೋಲ್ಡರಿಗೆ ಹಾಕಿ. ಲಾಗಿನ್ ಪರದೆ ಓಡುವುದು ಬೇರೆ ಬಳಕೆದಾರನ ಹೆಸರಿನಲ್ಲಿ. ನಿಮ್ಮ ಮನೆಯೊಳಗೆ ಇಣುಕುವ ಹಕ್ಕು ಅದಕ್ಕಿಲ್ಲ. ಫ್ಲಾಟ್‌ಪ್ಯಾಕ್ ಪ್ರೋಗ್ರಾಂಗಳೂ ಅಷ್ಟೇ, ಮನೆಯ ‘ಡಾಟ್ ಐಕಾನ್ಸ್’ ಅವಕ್ಕೆ ಕಾಣುವುದಿಲ್ಲ. ಆಮೇಲೆ ‘ಡೀಫಾಲ್ಟ್’ ಫೋಲ್ಡರಿನ ಇಂಡೆಕ್ಸ್ ಫೈಲಿನಲ್ಲಿ ‘ಇನ್‌ಹೆರಿಟ್ಸ್’ ಸಾಲಿಗೆ ನಿಮ್ಮ ಥೀಮಿನ ಹೆಸರು ಬರೆಯಿರಿ. ಬರೆಯಬೇಕಾದದ್ದು ಅಲಂಕಾರದ ಹೆಸರಲ್ಲ, ಫೋಲ್ಡರಿನ ಹೆಸರು, ದೊಡ್ಡಕ್ಷರ ಸಣ್ಣಕ್ಷರ ಸಮೇತ. ಕೆಡಿಇಯ ಬ್ರೀಜ್ ಬೇಕೆಂದರೆ ‘ಬ್ರೀಜ್’ ಎಂದಷ್ಟೇ ಬರೆದರೆ ನಡೆಯದು. ಅಂಡರ್‌ಸ್ಕೋರ್ ಹಾಕಿ ‘ಕರ್ಸರ್ಸ್’ ಕೂಡ ಸೇರಿಸಬೇಕು. ಡೆಬಿಯನ್, ಉಬುಂಟು ಬಳಸುವವರು ಈ ಫೈಲನ್ನು ಕೈಯಿಂದ ತಿದ್ದದೆ ಅಪ್‌ಡೇಟ್ ಆಲ್ಟರ್ನೇಟಿವ್ಸ್‌ನಿಂದಲೇ ಆರಿಸುವುದು ಲೇಸು. ಕೊನೆಗೆ ಥೀಮಿನ ಹೆಸರನ್ನೂ ಅಳತೆಯನ್ನೂ ಈಟಿಸಿಯ ಎನ್ವಿರಾನ್‌ಮೆಂಟ್ ಫೈಲಿನಲ್ಲಿ ಎರಡು ಸಾಲಾಗಿ ಬರೆದು, ಗ್ನೋಮ್ ಅಥವಾ ಕೆಡಿಇ ಸೆಟ್ಟಿಂಗ್ಸ್‌ನಲ್ಲೂ ಅದೇ ಹೆಸರು, ಅದೇ ಅಳತೆ ಇಡಿ. ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಅಲ್ಲಿಯವರೆಗೆ ತೆರೆದಿರುವ ಪ್ರೋಗ್ರಾಂಗಳು ಹಳೇ ಬಾಣವನ್ನೇ ಹಿಡಿದು ಕೂತಿರುತ್ತವೆ, ಬದಲಾಗಲಿಲ್ಲವೆಂದು ಕಂಗೆಡಬೇಡಿ.

ಎಕ್ಸ್‌ನ ಜಾಗಕ್ಕೆ ವೇಲ್ಯಾಂಡ್ ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂದಿದ್ದರು. ಸರಿಹೋಗಲಿಲ್ಲ. ಅಲ್ಲಿಯೂ ಪ್ರತಿ ಪ್ರೋಗ್ರಾಂ ತನ್ನ ಕರ್ಸರನ್ನು ತಾನೇ ಬಿಡಿಸಿಕೊಡುವ ಪದ್ಧತಿಯೇ ಮುಂದುವರಿಯಿತು. 2023ರಲ್ಲಿ ‘ಕರ್ಸರ್ ಶೇಪ್’ ಎಂಬ ಪ್ರೋಟೋಕಾಲ್ ಸೇರಿದ ಮೇಲಷ್ಟೇ, ‘ನನಗೆ ಕೈ ಆಕಾರ ಬೇಕು’ ಎಂದು ಪ್ರೋಗ್ರಾಂ ಹೇಳಿದರೆ ಸಾಕು, ಚಿತ್ರ ಹುಡುಕುವ ಹೊಣೆ ಡೆಸ್ಕ್‌ಟಾಪಿನದು ಎಂಬ ವ್ಯವಸ್ಥೆ ಬಂತು. ಇಷ್ಟು ಸರಳ ವಿಚಾರಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ಕೇಳಬೇಡಿ. ಎರಡೂ ಕಡೆಯವರು ಇದನ್ನು ಒಪ್ಪಿ ಅಳವಡಿಸಿಕೊಂಡಿದ್ದರೆ ಮಾತ್ರ ಫಲ, ಇಲ್ಲದಿದ್ದರೆ ಮೇಲಿನ ಕಸರತ್ತು ತಪ್ಪಿದ್ದಲ್ಲ.

ಇನ್ನು ಥೀಮಿನ ಆಯ್ಕೆ. ಅದ್ವೈತಾದ ಕರಿ ಬಾಣ ಗಂಭೀರವಾದದ್ದು, ಬಿಳಿ ಅಂಚಿರುವುದರಿಂದ ಕಪ್ಪು ಹಿನ್ನೆಲೆಯಲ್ಲೂ ಕಳೆದುಹೋಗುವುದಿಲ್ಲ. ಡಿಎಂಝಡ್ ವೈಟ್ ಹಳತಾದರೂ ನನ್ನ ಕಣ್ಣಿಗೆ ಅದರ ಸೌಷ್ಠವಕ್ಕೆ ಸಾಟಿಯಿಲ್ಲ. ಬಿಬಾಟಾ ದುಂಡಗೆ, ದೊಡ್ಡದಾಗಿ, ಇಂದಿನ ದಟ್ಟ ಪರದೆಗಳಿಗೆ ಹೇಳಿಮಾಡಿಸಿದಂತಿದೆ. ಹೊಳೆಯುವ, ಮಿಂಚುವ, ಬಾಲದಲ್ಲಿ ಬೆಂಕಿ ಕಾರುವ ಥೀಮುಗಳನ್ನು ಮಕ್ಕಳಿಗೆ ಬಿಡಿ. ಯಾವುದನ್ನು ಆರಿಸಿದರೂ ಕಪ್ಪು ಟರ್ಮಿನಲ್ ತೆರೆದು, ಬರಹದ ಮೇಲಿನ ಆ ಸಪೂರ ಗೆರೆ ಕಾಣುತ್ತದೆಯೇ ಎಂದು ನೋಡಿಕೊಳ್ಳಿ. ಅದು ಕಾಣದಿದ್ದರೆ ಆ ಥೀಮನ್ನು ಅಳಿಸಿಹಾಕಿ.