ಬೆಕ್: ಎಲ್ಲ ವೇಷಗಳ ಒಳಗಿನ ಗಿಟಾರು

ಬೆಕ್ ಹ್ಯಾನ್ಸನ್ ಆಲ್ಬಮ್ಮಿಗೊಂದು ವೇಷ ತೊಡುವ ಗಾಯಕ ಎಂಬ ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಕೇಳುತ್ತಾ ಹೋದಷ್ಟೂ ನನಗದು ಅರ್ಧಸತ್ಯ ಅನ್ನಿಸುತ್ತದೆ. 1970ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಈತ ಹದಿಹರೆಯದಲ್ಲೇ ಶಾಲೆ ಬಿಟ್ಟವನು. ಮಿಸಿಸಿಪಿ ಜಾನ್ ಹರ್ಟ್‌ನಂಥ ಹಳೆಯ ಬ್ಲೂಸ್ ಗಾಯಕರನ್ನು ಕೇಳಿ ಗಿಟಾರು ಕಲಿತವನು. ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

1993ರ ‘ಲೂಸರ್’ನಲ್ಲಿ ಹಿಪ್‌ಹಾಪ್ ತಾಳವಿದೆ, ರ್‍ಯಾಪ್ ಇದೆ, ಸಿತಾರೂ ಇದೆ. ಆದರೆ ಹಾಡನ್ನು ಹೊತ್ತು ನಡೆಸುವುದು ಮತ್ತೆಮತ್ತೆ ಸುತ್ತಿ ಬರುವ ಒಂದು ಸ್ಲೈಡ್ ಗಿಟಾರ್ ತುಣುಕು, ಅಪ್ಪಟ ಬ್ಲೂಸ್. ಮರುವರ್ಷ ದೊಡ್ಡ ಕಂಪನಿಯಿಂದ ‘ಮೆಲೋ ಗೋಲ್ಡ್’ ಬಂತು. ಅದೇ ವರ್ಷ ಪುಟ್ಟ ಕೆ ರೆಕಾರ್ಡ್ಸ್‌ನಿಂದ ‘ಒನ್ ಫೂಟ್ ಇನ್ ದಿ ಗ್ರೇವ್’ ಎಂಬ ಬರಿಮೈ ಜಾನಪದದ ಆಲ್ಬಂ ಕೂಡ ಬಂತು. ಇವೆರಡನ್ನೂ ಒಟ್ಟಿಗೆ ಕೇಳಿದವರಿಗೆ ಮುಂದೆ ಆತ ಹಿಡಿದ ಯಾವ ದಾರಿಯೂ ಅಚ್ಚರಿ ಹುಟ್ಟಿಸುವುದಿಲ್ಲ.

1996ರ ‘ಓಡಿಲೇ’ಯಲ್ಲಿ ನಿರ್ಮಾಪಕ ಜೋಡಿ ಡಸ್ಟ್ ಬ್ರದರ್ಸ್ ಜೊತೆ ಸೇರಿ ಶೂಬರ್ಟ್‌ನ ಸಿಂಫನಿಯ ಚೂರನ್ನೂ ಬೀದಿಯ ಬೀಟಿನೊಳಗೆ ಎಳೆದು ತಂದ. 1999ರಲ್ಲಿ ಫಂಕ್. 2017ರ ‘ಕಲರ್ಸ್’ ಮಾತ್ರ ನನಗೆ ರುಚಿಸದು. ಅಷ್ಟು ಹೊಳಪಿನಲ್ಲಿ ಬೆರಳಿನ ಗುರುತೇ ಅಳಿಸಿಹೋಗಿದೆ. 2019ರಲ್ಲಿ ಫ್ಯಾರೆಲ್ ವಿಲಿಯಮ್ಸ್ ಜೊತೆ ಮಾಡಿದ ‘ಸಾ ಲೈಟ್ನಿಂಗ್’ನಲ್ಲಿ ಸ್ಲೈಡ್ ಗಿಟಾರು ಮತ್ತೆ ಕೇಳಿದಾಗ ನಿಜಕ್ಕೂ ಹಿಗ್ಗಿದೆ.

ಆದರೆ ಈತನ ನಿಜವಾದ ಎತ್ತರ 2002ರ ‘ಸೀ ಚೇಂಜ್’. ಬಹುಕಾಲದ ಪ್ರೇಮ ಮುರಿದುಬಿದ್ದ ಮೇಲೆ ಬರೆದ ಹಾಡುಗಳಿವು. ಪದಗಳ ಚಮತ್ಕಾರ ಪೂರಾ ಹೋಗಿದೆ, ಲಯ ನಿಧಾನವಾಗಿದೆ, ದನಿ ಮಂದ್ರಕ್ಕಿಳಿದಿದೆ. ನಿರ್ಮಾಪಕ ನೈಜೆಲ್ ಗಾಡ್ರಿಚ್ ಆ ದನಿಯನ್ನು ಕಿವಿಗೆ ತೀರ ಹತ್ತಿರ ತಂದು ನಿಲ್ಲಿಸುತ್ತಾನೆ. ತಂತಿವಾದ್ಯಗಳನ್ನು ಸಂಯೋಜಿಸಿದವರು ಬೆಕ್‌ನ ತಂದೆ ಡೇವಿಡ್ ಕ್ಯಾಂಪ್‌ಬೆಲ್. ಮಗನ ದುಃಖಕ್ಕೆ ತಂದೆ ಹಿನ್ನೆಲೆ ಬರೆದಿದ್ದಾರೆ, ಎಲ್ಲೂ ಅತಿಯಾಗಿಲ್ಲ.

ವರ್ಷದ ಆಲ್ಬಂ ಎಂದು 2015ರಲ್ಲಿ ಗ್ರ್ಯಾಮಿ ಬಂದದ್ದು ಬಹುಪಾಲು ‘ಸೀ ಚೇಂಜ್’ನ ವಾದ್ಯಗಾರರೇ ನುಡಿಸಿದ ‘ಮಾರ್ನಿಂಗ್ ಫೇಸ್’ಗೆ. ಅದು ಚೆಲುವಾದ ಆಲ್ಬಂ, ಸಂಶಯವಿಲ್ಲ. ಆದರೂ ನನ್ನ ಓಟು ‘ಸೀ ಚೇಂಜ್’ಗೇ. ಹೊಸಬರು ಅದರ ‘ಪೇಪರ್ ಟೈಗರ್’ನಿಂದ ಶುರು ಮಾಡಲಿ. ಬೇಸ್ ಮತ್ತು ಡ್ರಮ್ಸ್ ತಣ್ಣಗೆ ನಡೆಯುತ್ತಿರುವಾಗ ತಂತಿವಾದ್ಯಗಳು ಒಮ್ಮೆಲೇ ಎರಗಿ ಹಿಂದೆ ಸರಿಯುತ್ತವೆ. ಒಳ್ಳೆಯ ಹೆಡ್‌ಫೋನ್ ಇದ್ದರೆ ಅದನ್ನೇ ಹಾಕಿಕೊಂಡು ಕೇಳಿ.